270 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಬ್ಯಾಕ್ಟೀರಿಯಾದ ಕೊಬ್ಬು ಉಳಿಯೋದು ನಿಜಾನಾ?

ಗುಡ್ಡದಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಎರಡನೇ ವರ್ಷ, ಭೂವಿಜ್ಞಾನ. ಮೊನ್ನೆ ನಮ್ಮ ಮೇಷ್ಟ್ರು ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದ ವಿಷಯ ಹೇಳಿದರು. ಅಲ್ಲಿನ 270 ಕೋಟಿ ವರ್ಷ ಹಳೆಯ ಶೇಲ್ ಕಲ್ಲಿನಿಂದ (ಕೆಸರು ಗಟ್ಟಿಯಾಗಿ ಆದ ಕಲ್ಲು) 1999ರಲ್ಲಿ ಬ್ಯಾಕ್ಟೀರಿಯಾದ ಕೊಬ್ಬಿನ ಅಣುಗಳನ್ನು ತೆಗೆದರಂತೆ. ನನಗೆ ನಂಬೋಕೇ ಆಗಲಿಲ್ಲ. ಮನೆಯಲ್ಲಿ ಡಬ್ಬಿಯಲ್ಲಿಟ್ಟ ಎಣ್ಣೆ ಕೆಲವೇ ತಿಂಗಳಿಗೆ ಕಮಟು ಹತ್ತುತ್ತದೆ, ಅಲ್ವಾ? ಕಲ್ಲೊಳಗೆ ಇದು ಹೇಗೆ ಉಳಿಯಿತು? ಇನ್ನೊಂದು ಪ್ರಶ್ನೆ: ನಮ್ಮ ಚಿತ್ರದುರ್ಗದ ಕಡೆಯ ಕಲ್ಲುಗಳೂ ಹೆಚ್ಚುಕಮ್ಮಿ ಅಷ್ಟೇ ಹಳೆಯವು. ಅಲ್ಲಿ ಹುಡುಕಿದರೆ ಸಿಗುತ್ತದಾ?

ಶೇಲ್_ಪ್ರೇಮಿ:
ಒಳ್ಳೆ ಪ್ರಶ್ನೆ ತಂಗಿ. ಕೊಬ್ಬು ಇದ್ದ ಹಾಗೇ ಉಳಿಯೋದಿಲ್ಲ, ಅದರ ಎಲುಬಿನ ಗೂಡು ಮಾತ್ರ ಉಳಿಯುತ್ತದೆ. ಬಹಳಷ್ಟು ಬ್ಯಾಕ್ಟೀರಿಯಾಗಳು ತಮ್ಮ ಪೊರೆ ಗಟ್ಟಿಯಾಗಿರಲಿ ಅಂತ ಹೋಪನಾಯ್ಡ್ ಅನ್ನೋ ಅಣು ಮಾಡಿಕೊಳ್ಳುತ್ತವೆ. ನಮ್ಮ ಜೀವಕೋಶದಲ್ಲಿ ಕೊಲೆಸ್ಟರಾಲ್ ಮಾಡೋ ಕೆಲಸವನ್ನೇ ಅವುಗಳಲ್ಲಿ ಇದು ಮಾಡುತ್ತದೆ. ಐದು ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡ ಗಟ್ಟಿ ರಚನೆ ಅದು. ಬ್ಯಾಕ್ಟೀರಿಯಾ ಸತ್ತು ಕೆಸರಿನಲ್ಲಿ ಹೂತುಹೋದ ಮೇಲೆ ಅಣುವಿನ ತುದಿಯ ಆಮ್ಲಜನಕದ ಗುಂಪುಗಳು ಉದುರುತ್ತವೆ, ಕೊನೆಗೆ ಇಂಗಾಲ ಮತ್ತು ಹೈಡ್ರೋಜನ್ ಮಾತ್ರ ಇರುವ ಹೋಪೇನ್ ಉಳಿಯುತ್ತದೆ. ಎಣ್ಣೆ ಕಮಟಾಗೋದು ಗಾಳಿಯ ಆಮ್ಲಜನಕದಿಂದ. ಆಮ್ಲಜನಕವೇ ಇಲ್ಲದ ಕೆಸರಿನಲ್ಲಿ ಆ ಕಾಟ ಇಲ್ಲ. ಡಿಎನ್‌ಎ ಹಾಗಲ್ಲ, ನೀರು ತಾಗುತ್ತಾ ಕ್ರಮೇಣ ತುಂಡಾಗುತ್ತದೆ. 2022ರಲ್ಲಿ ಉತ್ತರ ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಸಿಕ್ಕಿದ್ದು 20 ಲಕ್ಷ ವರ್ಷ ಹಳೆಯದು, ಅದೇ ದೊಡ್ಡ ಸುದ್ದಿಯಾಯಿತು.

ಹೋಪೇನ್ ಅನ್ನೋ ಹೆಸರು ಬಂದಿದ್ದು ಹೋಪಿಯಾ ಜಾತಿಯ ಮರದಿಂದ. ಈ ರಚನೆಯ ಅಣು ಮೊದಲು ಗೊತ್ತಾಗಿದ್ದು ಅಂಥ ಮರಗಳ ರಾಳದಲ್ಲಿ. ನಮ್ಮ ಪಶ್ಚಿಮ ಘಟ್ಟದ ಬೋಗಿ ಮರವೂ ಇದೇ ಜಾತಿಯದು. ಆಮೇಲೆ ಸ್ಟ್ರಾಸ್‌ಬರ್ಗಿನ ಗೀ ಊರಿಸ್ಸೋ ಮತ್ತು ಪಿಯರ್ ಆಲ್‌ಬ್ರೆಶ್ಟ್ ಅವರ ತಂಡ ಜಗತ್ತಿನ ಕೆಸರು, ಕಲ್ಲು, ಕಚ್ಚಾ ತೈಲ ಎಲ್ಲದರಲ್ಲೂ ಇದನ್ನು ಕಂಡಿತು. ಇಷ್ಟೊಂದು ಹೋಪೇನ್ ಮಾಡಿದ್ದು ಮರಗಳಲ್ಲ, ಬ್ಯಾಕ್ಟೀರಿಯಾಗಳು ಅಂತ ಕೊನೆಗೆ ಖಾತ್ರಿಯಾಯಿತು.

ಲ್ಯಾಬಿನವಳು:
ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಪಿಲ್ಬರಾ ಕಥೆ ಅಲ್ಲಿಗೇ ಮುಗಿಯಲಿಲ್ಲ, ಅದನ್ನು ಹೇಳಲೇಬೇಕು. ಅಣು ಉಳಿಯುತ್ತದಾ ಅನ್ನೋದಕ್ಕಿಂತ ಸಿಕ್ಕಿದ ಅಣು ಯಾರದ್ದು, ಯಾವಾಗಿನದ್ದು ಅನ್ನೋದೇ ಕಷ್ಟದ ಪ್ರಶ್ನೆ. 2008ರಲ್ಲಿ ಅದೇ ಕಲ್ಲಿನ ಒಳಗೆ ಅಂಟಿಕೊಂಡ ಇಂಗಾಲದ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಅಳೆದು ನೋಡಿದರು. ಹೊರತೆಗೆದ ಅಣುಗಳ ಐಸೋಟೋಪಿಗೂ ಅದಕ್ಕೂ ತಾಳೆಯಾಗಲಿಲ್ಲ. ಅಂದರೆ ಅಣುಗಳು ಆಮೇಲೆ ಎಲ್ಲಿಂದಲೋ ಬಂದು ಸೇರಿಕೊಂಡಿವೆ. ಆಮೇಲೆ ಕೊರೆಯುವಾಗಲೇ ಎಣ್ಣೆ, ಗ್ರೀಸ್ ತಾಗದ ಹಾಗೆ ಪಿಲ್ಬರಾದಲ್ಲಿ ಹೊಸದಾಗಿ ಕೋರ್, ಅಂದರೆ ಕಂಬದಂಥ ಕಲ್ಲಿನ ತುಂಡು, ತೆಗೆದರು. 2015ರಲ್ಲಿ ಫಲಿತಾಂಶ ಬಂತು: ಅಷ್ಟು ಹಳೆಯದು ಅನ್ನಬಹುದಾದ ಹೋಪೇನ್ ಇಲ್ಲ. ಯೋಖೆನ್ ಬ್ರಾಕ್ಸ್, ರೋಜರ್ ಸಮನ್ಸ್ ಅವರು 1999ರ ಲೇಖನದಲ್ಲೂ ಇದ್ದರು, 2015ರ ಲೇಖನದಲ್ಲೂ ಇದ್ದಾರೆ. ತಮ್ಮದೇ ಹಳೆಯ ಮಾತನ್ನು ತಾವೇ ತಿದ್ದಿಕೊಂಡರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದೇ ಆಗ.

ನಾನೂ ಇಂಥ ಒಂದು ಲ್ಯಾಬಿನಲ್ಲಿ ಎರಡು ವರ್ಷ ಇದ್ದೆ. ಗಾಜಿನ ಸಾಮಾನನ್ನೆಲ್ಲ 450 ಡಿಗ್ರಿಯಲ್ಲಿ ರಾತ್ರಿಯಿಡೀ ಸುಡುತ್ತಿದ್ದೆವು. ಕಲ್ಲಿನ ಹೊರಮೈ ಕೊಯ್ದು ಅದನ್ನು ಬೇರೆ, ಒಳಗಿನ ತಿರುಳನ್ನು ಬೇರೆ ಪುಡಿ ಮಾಡಬೇಕು. ಹೋಪೇನ್ ಹೊರಗೆ ಜಾಸ್ತಿ, ಒಳಗೆ ಕಮ್ಮಿ ಅಂತಾದರೆ ಅದು ಹೊರಗಿನಿಂದ ಬಂದದ್ದು. ಪ್ರತಿ ಸಲ ಕಲ್ಲೇ ಹಾಕದೆ ಬರೀ ಸಾಲ್ವೆಂಟ್ (ಅಣುಗಳನ್ನು ಕರಗಿಸಿ ತೆಗೆಯುವ ದ್ರವ) ಇಟ್ಟುಕೊಂಡು ಅದೇ ಕೆಲಸವನ್ನೆಲ್ಲ ಮಾಡಬೇಕು, ಅದನ್ನು ಬ್ಲ್ಯಾಂಕ್ ಅನ್ನುತ್ತಾರೆ. ಒಮ್ಮೆ ನನ್ನ ಬ್ಲ್ಯಾಂಕನ್ನು ಅಳೆದಾಗ ಯಂತ್ರದ ನಕ್ಷೆಯಲ್ಲಿ ಎತ್ತರದ ಗೆರೆಯೊಂದು ಎದ್ದಿತು, ನೋಡಿದರೆ ಸ್ಕ್ವಾಲೀನ್. ಬೆರಳಿನ ಜಿಡ್ಡಿನಲ್ಲಿ ಇರೋದೇ ಅದು. ಒಂದು ಶೀಶೆಯ ಮುಚ್ಚಳವನ್ನು ಕೈಗವಸು ಇಲ್ಲದೆ ಮುಟ್ಟಿದ್ದೆ. ಮೂರು ವಾರದ ಕೆಲಸ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಗುಡ್ಡದಹುಡುಗಿ:
ಅಯ್ಯೋ, ಇದು ಮೇಷ್ಟ್ರು ಹೇಳಲೇ ಇಲ್ಲ ಅಕ್ಕ. ಹಾಗಾದರೆ ಹೋಪೇನ್ ನೋಡಿ, ಬಿಸಿಲಿನಿಂದ ಆಮ್ಲಜನಕ ಮಾಡೋ ಸಯನೋಬ್ಯಾಕ್ಟೀರಿಯಾ ಇತ್ತು, ಹಾಗಾಗಿ ಆಮ್ಲಜನಕ ಇತ್ತು ಅಂತ ಹೇಳೋದೂ ತಪ್ಪಾ?

ಲ್ಯಾಬಿನವಳು:
ಅದೊಂದರಿಂದಲೇ ಹೇಳೋಕಾಗಲ್ಲ. 2-ಮೀಥೈಲ್ ಹೋಪೇನ್ (ಒಂದು ಮೀಥೈಲ್ ಗುಂಪು ಹೆಚ್ಚಿಗೆ ಇರುವ ಹೋಪೇನ್) ಸಿಕ್ಕರೆ ಸಯನೋಬ್ಯಾಕ್ಟೀರಿಯಾ ಇತ್ತು ಅಂತ ಮೊದಲು ಅಂದುಕೊಂಡಿದ್ದರು. 2007ರಲ್ಲಿ ರೋಡೋಸ್ಯೂಡೋಮೋನಾಸ್ ಪಲಸ್ಟ್ರಿಸ್ ಅನ್ನೋ ಬೇರೆಯೇ ಬ್ಯಾಕ್ಟೀರಿಯಾ, ಅದೂ ಆಮ್ಲಜನಕ ಇಲ್ಲದ ಕಡೆ, ಅದನ್ನೇ ಮಾಡುತ್ತದೆ ಅಂತ ಗೊತ್ತಾಯಿತು.

ಶೇಲ್_ಪ್ರೇಮಿ:
ಚಿತ್ರದುರ್ಗದ ಪ್ರಶ್ನೆ ಉಳಿದುಹೋಯಿತು. ವಯಸ್ಸಿಗಿಂತ ಕಲ್ಲು ಎಷ್ಟು ಬೆಂದಿದೆ ಅನ್ನೋದು ಮುಖ್ಯ. ಅಲ್ಲಿನ ಕಲ್ಲುಗಳಲ್ಲಿ ಕ್ಲೋರೈಟ್ ಅನ್ನೋ ಹಸಿರು ಖನಿಜ ಕಾಣುತ್ತದಲ್ಲ, ಸುಮಾರು 300 ಡಿಗ್ರಿ ಅಥವಾ ಇನ್ನೂ ಜಾಸ್ತಿ ಶಾಖ ತಿಂದ ಗುರುತು ಅದು. ಅಷ್ಟು ಬಿಸಿಗೆ ಹೋಪೇನ್ ಒಡೆದುಹೋಗುತ್ತದೆ, ಉಳಿದ ಇಂಗಾಲ ಗ್ರಾಫೈಟಿನ ಕಡೆ ತಿರುಗಿರುತ್ತದೆ. ಕಮ್ಮಿ ಬೆಂದ ಹಳೆಯ ಕಲ್ಲು ಬೇಕೆಂದರೆ ಉತ್ತರ ಆಸ್ಟ್ರೇಲಿಯಾದ ಬಾರ್ನಿ ಕ್ರೀಕ್ ಬಗ್ಗೆ ಓದು. 164 ಕೋಟಿ ವರ್ಷ ಹಳೆಯದು. ಅದರಲ್ಲಿ ಓಕಿನೇನ್ ಸಿಕ್ಕಿದೆ, ನೇರಳೆ ಗಂಧಕ ಬ್ಯಾಕ್ಟೀರಿಯಾದ ಬಣ್ಣದಿಂದ ಬಂದ ಅಣು ಅದು. ಈ ಬ್ಯಾಕ್ಟೀರಿಯಾಕ್ಕೆ ಬಿಸಿಲೂ ಬೇಕು, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡೂ ಬೇಕು. ಅಂದರೆ ಬಿಸಿಲು ಇಳಿಯುವಷ್ಟು ಮೇಲಿನ ನೀರಿಗೇ ಆ ವಿಷ ಬಂದು ತಲುಪಿತ್ತು. ಒಂದೇ ಅಣುವಿನಿಂದ ಆ ಕಡಲು ಹೇಗಿತ್ತು ಅಂತ ಇಷ್ಟು ತಿಳಿಯುತ್ತದೆ ನೋಡು.

ಗುಡ್ಡದಹುಡುಗಿ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ನಾಳೆ ಮೇಷ್ಟ್ರಿಗೆ 2015ರ ವಿಷಯ ಕೇಳುತ್ತೇನೆ. ಬಾರ್ನಿ ಕ್ರೀಕ್ ಬಗ್ಗೆ ಸೆಮಿನಾರ್ ಕೊಡೋಣ ಅಂತ ಈಗಲೇ ಅನ್ನಿಸುತ್ತಿದೆ.