ಪದಚರ್ಚೆ: ಪೈಪಿಗೆ ಅಂಟಿಸುವ ಪೀಜೋ ಪ್ಯಾಚಿಗೆ ಏನನ್ನೋಣ?

ಕೋಥ್ರೂಡ್‌ನಿಂದ:
ಪುಣೆಯ ಕನ್ನಡ ಶಾಲೆಯೊಂದರ ವಿಜ್ಞಾನ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆಯೊಳಗೆ ಪ್ರೆಸ್ಸಿಗೆ ಕೊಡಬೇಕು. ವಿಷಯ ಪೈಪಿನ ಡ್ಯಾಮೇಜ್ ಪತ್ತೆ ಹಚ್ಚುವ ಒಂದು ವಿಧಾನ. ಪೈಪ್‌ಲೈನಿನ ಮೈಗೆ ಪೀಜೋಎಲೆಕ್ಟ್ರಿಕ್ (ಒತ್ತಿದರೆ ವಿದ್ಯುತ್ ಹುಟ್ಟಿಸುವ, ವಿದ್ಯುತ್ ಕೊಟ್ಟರೆ ಆಕಾರ ಬದಲಿಸುವ) ಪಿಂಗಾಣಿಯ ತೆಳು ಪ್ಯಾಚ್ ಅಂಟಿಸುತ್ತಾರೆ. ಹತ್ತಾರು, ನೂರಾರು ಕಿಲೋಹರ್ಟ್ಜ್‌ನ ಎಸಿ ವೋಲ್ಟೇಜ್ ಕೊಟ್ಟರೆ ಪ್ಯಾಚ್ ಅದುರುತ್ತದೆ, ಜೊತೆಗೆ ಪೈಪೂ ಅದುರುತ್ತದೆ. ಪೈಪ್ ಹೇಗೆ ಅದುರಿತು ಅನ್ನುವುದು ಅದೇ ಪ್ಯಾಚಿನ ಇಂಪೀಡೆನ್ಸಿನಲ್ಲಿ, ಅಂದರೆ ಎಸಿ ಕರೆಂಟಿಗೆ ಅದು ಒಡ್ಡುವ ಒಟ್ಟು ಅಡ್ಡಿಯಲ್ಲಿ, ಕಾಣುತ್ತದೆ. ಪೈಪ್ ಚೆನ್ನಾಗಿದ್ದಾಗಿನ ಇಂಪೀಡೆನ್ಸ್ ಗ್ರಾಫ್ ಇಟ್ಟುಕೊಂಡು ಈಗಿನದರ ಜೊತೆ ಹೋಲಿಸುತ್ತಾರೆ. ಬಿರುಕು, ತುಕ್ಕು, ಸಡಿಲ ಬೋಲ್ಟ್ ಇದ್ದರೆ ಗ್ರಾಫಿನ ಶಿಖರಗಳು ಜರುಗುತ್ತವೆ. ಯಾವುದಕ್ಕೆ ಎಷ್ಟು ಜರುಗುತ್ತದೆ ಎಂದು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿ ನೋಡುತ್ತಾರೆ. ಪ್ಯಾಚಿಗೆ ‘ಸಂವೇದಕ ತೇಪೆ’, ಡ್ಯಾಮೇಜಿಗೆ ‘ಹಾನಿ’ ಎಂದು ಬರೆದಿದ್ದೇನೆ. ನಡೆಯುತ್ತದೆಯೇ?

ಪಿಂಪ್ರಿಯಿಂದ:
ತೇಪೆ ಬೇಡವೇ ಬೇಡ. ಪೈಪಿನ ತೂತು ಮುಚ್ಚಿದ ಹಾಗೆ ಕೇಳುತ್ತದೆ. ‘ಬಿಲ್ಲೆ’ ಅನ್ನಿ. ಸಂವೇದಕ ಅನ್ನುವುದೂ ಅರ್ಧ ಮಾತು. ಅದು ಬರೀ ಗುರುತಿಸುವುದಿಲ್ಲ, ಅದುರಿಸುತ್ತದೆ ಕೂಡ. ‘ಒತ್ತುಮಿಂಚು ಬಿಲ್ಲೆ’ ಎಂದು ಬರೆಯಿರಿ. ಪೀಜೋ ಬಂದದ್ದು ಒತ್ತುವುದು ಎಂಬ ಅರ್ಥದ ಗ್ರೀಕ್ ಪದದಿಂದ. 1880ರಲ್ಲಿ ಕ್ಯೂರಿ ಸಹೋದರರು ಹರಳುಗಳನ್ನು ಒತ್ತಿಯೇ ಇದನ್ನು ಕಂಡರು.

ಹಡಪ್ಸರ್‌ನಿಂದ:
ಮಿಂಚು ಆಕಾಶದ್ದು. ಫಲಕ ಓದುವವರು ಮಕ್ಕಳು. ಅವರ ಪುಸ್ತಕದಲ್ಲಿ ಇರುವುದು ವಿದ್ಯುತ್. ಇಲ್ಲಿ ಮರಾಠಿಯಲ್ಲೂ ‘ದಾಬವಿದ್ಯುತ್’ ಇದೆ. ಸುಮ್ನೆ ‘ಒತ್ತಡ ವಿದ್ಯುತ್’ ಅನ್ನಿ.

ಪಿಂಪ್ರಿಯಿಂದ:
ಸಂಸ್ಕೃತದಲ್ಲಿ ವಿದ್ಯುತ್ ಅಂದರೂ ಮಿಂಚೇ! ಆ ಪದಕ್ಕೆ ಹೊಸ ಅರ್ಥ ಕೊಡಬಹುದು, ನಮ್ಮ ಪದಕ್ಕೆ ಮಾತ್ರ ಕೊಡಬಾರದೇ? ಮರಾಠಿಯವರು ‘ದಾಬ’ ಎಂಬ ಮನೆಮಾತನ್ನೇ ಮುಂದಿಟ್ಟಿದ್ದಾರೆ, ಅದನ್ನು ನೋಡಿ. ‘ಹಾನಿ’ಯೂ ಸರಿಯಿಲ್ಲ. ಹಾನಿ ಆಗುವುದು ಪೈಪಿನ ಒಡೆಯನಿಗೆ. ಪೈಪಿನ ಮೈಯಲ್ಲಿ ಇರುವುದು ಊನ.

ಹಡಪ್ಸರ್‌ನಿಂದ:
‘ಊನ’ವೂ ಸಂಸ್ಕೃತವೇ. ನಮ್ಮ ಪದವೇ ಬೇಕೆಂಬ ನಿಮ್ಮ ನಿಯಮ ಎಲ್ಲಿ ಹೋಯಿತು? ಮತ್ತೆ ಪೈಪನ್ನು ಯಾರೂ ‘ಕೊಳವೆ’ ಮಾಡಬೇಡಿ. ಮಕ್ಕಳಿಗೆ ಕೊಳವೆ ಬಾವಿ ನೆನಪಾಗುತ್ತದೆ. ‘ನಳ’ ಅಂದರೆ ಇಲ್ಲಿ ನೀರು ಬರುವ ನಲ್ಲಿ. ಬಳಕೆಯಲ್ಲಿ ಗಟ್ಟಿಯಾದ ಪದ ಯಾವ ಭಾಷೆಯದಾದರೂ ನಮ್ಮದೇ.

ಪಿಂಪ್ರಿಯಿಂದ:
ಹಾಗಾದರೆ ಪದ ಕಟ್ಟುವ ಕೆಲಸವನ್ನೇ ಬಿಟ್ಟುಬಿಡೋಣವೇ? ನಾನು ಒಪ್ಪುವುದಿಲ್ಲ.

ಕೋಥ್ರೂಡ್‌ನಿಂದ:
‘ಪೀಜೋ ಬಿಲ್ಲೆ’ ಎಂದು ಬರೆಯುತ್ತೇನೆ. ಒತ್ತುಮಿಂಚನ್ನು ಕೆಳಗಿನ ವಿವರಣೆಯಲ್ಲಿ ತರುತ್ತೇನೆ. ಬಿರುಕು, ತುಕ್ಕು ಎರಡನ್ನೂ ಹೆಸರಿಸಿಯೇ ಹೇಳುತ್ತೇನೆ, ಒಟ್ಟಿಗೆ ಹೇಳುವಾಗ ‘ಹಾನಿ’ ಇರಲಿ. ಇಂಪೀಡೆನ್ಸಿಗೆ ಯಾರೂ ಪದ ಕೊಡಲಿಲ್ಲ. ‘ತಡೆ’ ಎಂದರೆ ರೆಸಿಸ್ಟೆನ್ಸ್ ಆಗಿಬಿಡುತ್ತದೆ, ಅಲ್ವಾ? ಬೆಳಿಗ್ಗೆಯೊಳಗೆ ತಿಳಿಸಿ.