ಶಸ್ತ್ರಚಿಕಿತ್ಸೆಗೆ ಮುನ್ನ ಕೀಮೋ: ಮೂಳೆಯ ಗಡ್ಡೆ ಕುಗ್ಗದಿದ್ದರೆ ಔಷಧ ಫಲಿಸಿಲ್ಲವೆಂದೇ?

ಪ್ರಶ್ನೆ – ಶಿಕ್ಷಕಿ, ಶಿವಮೊಗ್ಗ

ಮಾನ್ಯರೇ, ನನ್ನ ಅಕ್ಕನ ಮಗನಿಗೆ ತೊಡೆಮೂಳೆಯ ಕೆಳತುದಿಯಲ್ಲಿ ಆಸ್ಟಿಯೋಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್ ಇದೆ. ಸಿಸ್‌ಪ್ಲಾಟಿನ್, ಡಾಕ್ಸೋರುಬಿಸಿನ್ ಮತ್ತು ಮೆಥೋಟ್ರೆಕ್ಸೇಟ್‌ಗಳ ಮೊದಲ ಹಂತ ಮುಗಿದು ನೋವು ಇಳಿದಿದ್ದರೂ, ಎಂಆರ್‌ಐಯಲ್ಲಿ ಗಡ್ಡೆಯ ಅಳತೆ ಹೆಚ್ಚುಕಡಿಮೆ ಹಾಗೆಯೇ ಇದೆ. ಹಾಗಿದ್ದರೆ ಕ್ಯಾನ್ಸರ್ ಕೋಶಗಳು ಸಾಯುತ್ತಿಲ್ಲವೇ? ಈ ಔಷಧಗಳು ಅವನ್ನು ಕೊಲ್ಲುವುದಾದರೂ ಹೇಗೆ?

ಉತ್ತರ – ಪೆಥಾಲಜಿ ವೈದ್ಯ

ಮೇಡಂ, ಈ ಕಾಯಿಲೆಯಲ್ಲಿ ಗಡ್ಡೆಯ ಗಾತ್ರವನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಆಸ್ಟಿಯೋಸಾರ್ಕೋಮಾದ ಕೋಶಗಳು ತಮ್ಮ ಸುತ್ತ ಎಳೆಮೂಳೆಯನ್ನು ಕಟ್ಟಿಕೊಳ್ಳುತ್ತವೆ. ಕೋಶಗಳು ಸತ್ತ ಮೇಲೂ ಸುಣ್ಣದ ಅಂಶ ಸೇರಿ ಗಟ್ಟಿಯಾದ ಆ ಹಂದರ ಕರಗದೆ ಉಳಿಯುವುದರಿಂದ ಅಳತೆ ಬದಲಾಗದಿರಬಹುದು.

ಸಿಸ್‌ಪ್ಲಾಟಿನ್ ಡಿಎನ್‌ಎಗೆ ಅಂಟಿಕೊಂಡು ಅಡ್ಡ ಬೆಸುಗೆ ಹಾಕುತ್ತದೆ. ಡಾಕ್ಸೋರುಬಿಸಿನ್, ಡಿಎನ್‌ಎಯನ್ನು ಕತ್ತರಿಸಿ ಮತ್ತೆ ಜೋಡಿಸುವ ಟೋಪೋಐಸೊಮರೇಸ್-2 ಎಂಬ ಕಿಣ್ವವನ್ನು ಅದರ ಕೆಲಸದ ನಡುವೆಯೇ ಹಿಡಿದಿಟ್ಟು, ಡಿಎನ್‌ಎಯ ಎರಡೂ ಎಳೆಗಳು ತುಂಡಾಗಿಯೇ ಉಳಿಯುವಂತೆ ಮಾಡುತ್ತದೆ. ಮೆಥೋಟ್ರೆಕ್ಸೇಟ್ ಫೋಲೇಟ್ ಎಂಬ ಜೀವಸತ್ವದ ಬಳಕೆಯನ್ನು ತಡೆದು ಹೊಸ ಡಿಎನ್‌ಎಗೆ ಬೇಕಾದ ಸಾಮಗ್ರಿಯೇ ಸಿಗದಂತೆ ಮಾಡುತ್ತದೆ. ಆರೋಗ್ಯವಂತ ಕೋಶಗಳನ್ನು ಉಳಿಸಿಕೊಳ್ಳಲೆಂದೇ ಅದರ ಬೆನ್ನಿಗೆ ಲ್ಯೂಕೋವೊರಿನ್ ಕೊಡುತ್ತಾರೆ. ಹಾನಿ ದುರಸ್ತಿಯ ಮಿತಿ ಮೀರಿದಾಗ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಹೊರಪೊರೆಯಲ್ಲಿ ರಂಧ್ರಗಳಾಗಿ ಸೈಟೊಕ್ರೋಮ್-ಸಿ ಎಂಬ ಪ್ರೋಟೀನ್ ಹೊರಬರುತ್ತದೆ. ಅದರಿಂದ ಮೊದಲು ಕ್ಯಾಸ್ಪೇಸ್-9, ಅನಂತರ ಕ್ಯಾಸ್ಪೇಸ್-3 ಎಂಬ ಕಿಣ್ವಗಳು ಚುರುಕುಗೊಂಡು ಕೋಶವನ್ನು ಒಳಗಿನಿಂದಲೇ ಕಡಿದುಹಾಕುತ್ತವೆ. ಇದೇ ಅಪೊಪ್ಟೋಸಿಸ್, ಅಂದರೆ ಕೋಶ ತನ್ನನ್ನು ತಾನೇ ಕೊಂದುಕೊಳ್ಳುವ ಕ್ರಮ. ಹಾನಿಯನ್ನು ಗುರುತಿಸಿ ಈ ಸರಣಿಗೆ ಚಾಲನೆ ಕೊಡುವ ಪಿ53 ಪ್ರೋಟೀನ್ ಬಹಳಷ್ಟು ಆಸ್ಟಿಯೋಸಾರ್ಕೋಮಾಗಳಲ್ಲಿ ಕೆಟ್ಟಿರುತ್ತದೆ. ಆಗಲೂ ಕೆಲವು ಕೋಶಗಳು ಮುರಿದ ಡಿಎನ್‌ಎಯೊಂದಿಗೇ ವಿಭಜನೆಗೆ ಹೊರಟು ಅಲ್ಲಿಯೇ ಸಾಯುತ್ತವೆ, ಮತ್ತೆ ಕೆಲವು ತಪ್ಪಿಸಿಕೊಳ್ಳುತ್ತವೆ. ಔಷಧ ಎಲ್ಲರಲ್ಲೂ ಒಂದೇ ಸಮನಾಗಿ ಫಲಿಸದಿರಲು ಇದೂ ಒಂದು ಕಾರಣ.

ನಿಜವಾದ ಉತ್ತರ ಸಿಗುವುದು ಶಸ್ತ್ರಚಿಕಿತ್ಸೆಯ ನಂತರವೇ. ತೆಗೆದ ಮೂಳೆಯನ್ನು ಉದ್ದಕ್ಕೆ ಸೀಳಿ, ಆ ಹಲಗೆಯನ್ನು ಚೌಕಗಳಾಗಿ ಕತ್ತರಿಸಿ, ಸುಣ್ಣದ ಅಂಶ ಹೋಗುವವರೆಗೆ ಆಮ್ಲದಲ್ಲಿ ನೆನೆಸಿ, ಒಂದೊಂದು ಚೌಕದಲ್ಲೂ ಜೀವಂತ ಕೋಶಗಳೆಷ್ಟು ಉಳಿದಿವೆಯೆಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ವರದಿ ತಡವಾಗುವುದು ಇದಕ್ಕೇ. ಔಷಧ ಚೆನ್ನಾಗಿ ಫಲಿಸಿದ ಕಡೆ ಕೋಶಗಳೇ ಇಲ್ಲದ ಎಳೆಮೂಳೆಯ ಜಾಲ ಮಾತ್ರ ಕಾಣುತ್ತದೆ. ಶೇ. 90 ಅಥವಾ ಅದಕ್ಕಿಂತ ಹೆಚ್ಚು ಭಾಗ ಸತ್ತಿದ್ದರೆ ಅದನ್ನು ಉತ್ತಮ ಸ್ಪಂದನೆ ಎನ್ನುತ್ತೇವೆ. ವರದಿಯಲ್ಲಿ ‘ನೆಕ್ರೋಸಿಸ್’ (ಕೋಶಗಳ ಸಾವು) ಎಂದು ಬರೆಯುವುದು ಯಾವ ದಾರಿಯಲ್ಲಿ ಸತ್ತರೂ ಸೇರಿ ಒಟ್ಟು ಲೆಕ್ಕವನ್ನು.

ಮರುಪ್ರಶ್ನೆ – ಶಿಕ್ಷಕಿ, ಶಿವಮೊಗ್ಗ

ವಿವರಕ್ಕೆ ಕೃತಜ್ಞತೆಗಳು, ಡಾಕ್ಟರೇ. ಶೇ. 90ಕ್ಕಿಂತ ಕಡಿಮೆ ಬಂದರೆ ಔಷಧವನ್ನು ಬದಲಿಸುತ್ತಾರೆಯೇ?

ಉತ್ತರ – ಮಕ್ಕಳ ಕ್ಯಾನ್ಸರ್ ವಿಭಾಗದ ವೈದ್ಯೆ

ಬದಲಿಸಬೇಕೆಂದು ಅನ್ನಿಸುವುದು ಸಹಜ. ಆದರೆ ಸ್ಪಂದನೆ ಕಡಿಮೆಯಿದ್ದವರಿಗೆ ಐಫೋಸ್ಫಮೈಡ್ ಮತ್ತು ಎಟೊಪೊಸೈಡ್ ಸೇರಿಸಿ ನೋಡಿದ ಯುರಾಮೊಸ್-1 ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾದಾಗ, ಅಡ್ಡಪರಿಣಾಮ ಹೆಚ್ಚಿತೇ ಹೊರತು ಕಾಯಿಲೆ ಮರುಕಳಿಸುವುದು ಕಡಿಮೆಯಾಗಲಿಲ್ಲ. ಆದ್ದರಿಂದ ಬಹುಮಟ್ಟಿಗೆ ಮೊದಲಿನ ಔಷಧಗಳನ್ನೇ ಪೂರ್ಣಗೊಳಿಸುತ್ತೇವೆ. ಕಡಿಮೆ ಅಂಕಿ ಬಂದರೂ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಡಿ. ಕಣ್ಣಿಗೆ ಕಾಣದಂತೆ ಶ್ವಾಸಕೋಶಕ್ಕೆ ಹೋಗಿರಬಹುದಾದ ಕೋಶಗಳನ್ನು ಮುಟ್ಟುವುದು ಕೀಮೋ ಮಾತ್ರ. ವರದಿ ಬಂದಾಗ ನೆಕ್ರೋಸಿಸ್ ಶೇಕಡಾವಾರು ಎಷ್ಟು, ಕತ್ತರಿಸಿದ ಅಂಚಿನಲ್ಲಿ ಗಡ್ಡೆ ಉಳಿದಿದೆಯೇ ಎಂಬ ಎರಡನ್ನೂ ನಿಮ್ಮ ವೈದ್ಯರಲ್ಲಿ ತಪ್ಪದೆ ಕೇಳಿ.