ಬಿಸಿಲಿನ ವಿದ್ಯುತ್ತನ್ನು ನೇರವಾಗಿ ರೈಲಿನ ತಂತಿಗೆ ಕೊಡಬಹುದೇ?

ಪ್ರಶ್ನೆ (ಸಾಗರದಿಂದ)

ಎಲ್ಲರಿಗೂ ನಮಸ್ಕಾರ. ಬೀರೂರು–ಶಿವಮೊಗ್ಗ ಮಾರ್ಗದಲ್ಲಿ ವಿದ್ಯುತ್ ಎಂಜಿನ್‌ಗಳು ಓಡತೊಡಗಿದ ಮೇಲೆ ನನ್ನನ್ನೊಂದು ಸಂಶಯ ಕಾಡುತ್ತಿದೆ. ನಮ್ಮ ಶರಾವತಿಯ ವಿದ್ಯುತ್ತು ರಾಜ್ಯದ ಜಾಲವನ್ನು ಸೇರಿ, ಕಲ್ಲಿದ್ದಲಿನ ವಿದ್ಯುತ್ತಿನೊಡನೆ ಬೆರೆತು, ಆಮೇಲೆ ರೈಲ್ವೆಯ ಸಬ್‌ಸ್ಟೇಷನ್ನಿಗೆ ಹೋಗುತ್ತದೆ. ಇಷ್ಟು ಸುತ್ತುವ ಬದಲು ಹಳಿಯ ಪಕ್ಕದ ಖಾಲಿ ಜಾಗದಲ್ಲಿ ಸೌರ ಫಲಕಗಳನ್ನು ನಿಲ್ಲಿಸಿ, ಅಲ್ಲಿಂದಲೇ ಎಂಜಿನ್ನಿನ ಮೇಲಿನ ತಂತಿಗೆ ವಿದ್ಯುತ್ ಕೊಡಲು ಬರುವುದಿಲ್ಲವೇ? ಎಲ್ಲಾದರೂ ಹಾಗೆ ಮಾಡಿದ್ದಾರೆಯೇ? ತಿಳಿದವರು ದಯವಿಟ್ಟು ಬಿಡಿಸಿ ಬರೆಯಿರಿ.

ಉತ್ತರ (ಭದ್ರಾವತಿಯ ನಿವೃತ್ತ ಪಾಲಿಟೆಕ್ನಿಕ್ ಅಧ್ಯಾಪಕ)

ಮಾಡಿದ್ದಾರೆ, ನಮ್ಮ ದೇಶದಲ್ಲೇ ಮಾಡಿದ್ದಾರೆ. ಮಧ್ಯಪ್ರದೇಶದ ಬೀನಾದಲ್ಲಿ ರೈಲ್ವೆ ಮತ್ತು ಬಿಎಚ್‌ಇಎಲ್ ಸೇರಿ 2020ರಲ್ಲಿ 1.7 ಮೆಗಾವ್ಯಾಟ್ ಸೌರ ಘಟಕವೊಂದನ್ನು ನೇರವಾಗಿ ರೈಲಿನ ತಂತಿಗೆ ಜೋಡಿಸಿದವು. ಕೆಲಸ ಕೇಳಿದಷ್ಟು ಸುಲಭವಲ್ಲ. ಫಲಕದಿಂದ ಬರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ದೊಡ್ಡ ಸೌರ ಘಟಕಗಳ ಇನ್ವರ್ಟರ್‌ಗಳು ಸಾಮಾನ್ಯವಾಗಿ ಅದನ್ನು ದಿಕ್ಕು ಬದಲಿಸುತ್ತ ಹರಿಯುವ ತ್ರೀ ಫೇಸ್ ಎಸಿ ಮಾಡಿಕೊಡುತ್ತವೆ. ರೈಲಿನ ತಂತಿಗೆ ಬೇಕಾಗಿರುವುದಾದರೋ 25,000 ವೋಲ್ಟಿನ ಸಿಂಗಲ್ ಫೇಸ್. ಆದ್ದರಿಂದ ಇನ್ವರ್ಟರುಗಳನ್ನು ಇದಕ್ಕೆಂದೇ ಸಿದ್ಧಪಡಿಸಬೇಕಾಯಿತು.

ಈಗ ಲೆಕ್ಕ ನೋಡಿ. ನಮ್ಮ ಎಕ್ಸ್‌ಪ್ರೆಸ್ ಗಾಡಿಗಳನ್ನು ಎಳೆಯುವ ಡಬ್ಲ್ಯೂಎಪಿ-7 ಎಂಜಿನ್ನಿನ ಶಕ್ತಿ 6,350 ಅಶ್ವಶಕ್ತಿ, ಅಂದರೆ ಸುಮಾರು 4.7 ಮೆಗಾವ್ಯಾಟ್. ಉರಿಬಿಸಿಲಿನ ಮಧ್ಯಾಹ್ನದಲ್ಲಿ ಬೀನಾದ ಘಟಕ ಪೂರ್ತಿ ದುಡಿದರೂ ಅಂಥ ಒಂದೇ ಎಂಜಿನ್ನಿನ ಗರಿಷ್ಠ ಬೇಡಿಕೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ, ಅಷ್ಟೇ. ಮೇಲಾಗಿ ಗಾಡಿಯ ಬೇಡಿಕೆ ಒಂದೇ ಸಮನೆ ಇರುವುದಿಲ್ಲ. ನಿಲ್ದಾಣ ಬಿಟ್ಟು ವೇಗ ಹಿಡಿಯುವಾಗ ಒಮ್ಮೆಲೇ ಏರುತ್ತದೆ, ಓಟಕ್ಕೆ ಬಿದ್ದ ಮೇಲೆ ಇಳಿಯುತ್ತದೆ, ಗಾಡಿ ಮುಂದಿನ ಭಾಗಕ್ಕೆ ದಾಟಿದರೆ ಸೊನ್ನೆಯಾಗುತ್ತದೆ. ಆ ಹೊತ್ತಿನಲ್ಲಿ ಬಿಸಿಲು ಇದ್ದೇ ಇರುತ್ತದಲ್ಲ, ಅದರ ವಿದ್ಯುತ್ತನ್ನು ಜಾಲವೇ ತೆಗೆದುಕೊಳ್ಳಬೇಕು.

ಉತ್ತರ (ಶಿವಮೊಗ್ಗದಿಂದ)

ಮೇಷ್ಟ್ರ ಮಾತಿಗೆ ಒಂದನ್ನು ಸೇರಿಸುತ್ತೇನೆ. ರೈಲಿನ ತಂತಿ ನೋಡಲು ಉದ್ದಕ್ಕೂ ಒಂದೇ ಎನಿಸಿದರೂ ವಿದ್ಯುತ್ತಿನ ದೃಷ್ಟಿಯಿಂದ ಅದು ತುಂಡು ತುಂಡು. ಒಂದೇ ಫೇಸಿನ ಮೇಲೆ ಇಡೀ ಹೊರೆ ಬೀಳಬಾರದೆಂದು ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಫೇಸ್ ಕೊಡುತ್ತಾರೆ. ಎರಡರ ನಡುವೆ ವಿದ್ಯುತ್ತಿಲ್ಲದ ನ್ಯೂಟ್ರಲ್ ಸೆಕ್ಷನ್ ಇರುತ್ತದೆ. ಅದು ಸಮೀಪಿಸಿದಾಗ ಲೋಕೋ ಪೈಲಟ್, ಹಳಿಯ ಬದಿಯ ಸೂಚನಾ ಫಲಕವನ್ನು ನೋಡಿ, ತಮ್ಮ ಮಾತಿನಲ್ಲಿ ‘ಡಿಜೆ’ ಎನ್ನುವ ಬ್ರೇಕರನ್ನು ತೆರೆದು (ಅಂದರೆ ಎಂಜಿನ್ನಿಗೆ ಬರುವ ವಿದ್ಯುತ್ತನ್ನು ಕಡಿದು), ಗಾಡಿಯನ್ನು ಅದರ ವೇಗದಲ್ಲೇ ದಾಟಿಸಿ, ಆಚೆ ಮತ್ತೆ ಮುಚ್ಚುತ್ತಾರೆ. ಹೀಗಿರುವಾಗ ಒಂದು ತುಂಡಿಗೆ ಕೊಟ್ಟ ಬಿಸಿಲಿನ ವಿದ್ಯುತ್ತು ಪಕ್ಕದ ತುಂಡಿನಲ್ಲಿರುವ ಗಾಡಿಗೆ ನೇರವಾಗಿ ತಲುಪುವುದಿಲ್ಲ.

ಯುರೋಪಿನ ಕಥೆ ಬೇರೆ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಜರ್ಮನಿಗಳ ರೈಲುಗಳು ಸಾಮಾನ್ಯ ಜಾಲದ 50 ಹರ್ಟ್ಸ್ (ಎಸಿ ವಿದ್ಯುತ್ತಿನ ಸೆಕೆಂಡಿನ ಆವರ್ತಗಳು) ಬಿಟ್ಟು 16.7 ಹರ್ಟ್ಸ್‌ನಲ್ಲಿ ಓಡುವುದರಿಂದ ಅವಕ್ಕೆ ಪ್ರತ್ಯೇಕ ಜಾಲವೇ ಇದೆ. ಸ್ವಿಸ್ ರೈಲ್ವೆಗೆ ಸ್ವಂತ ಜಲವಿದ್ಯುತ್ ಕೇಂದ್ರಗಳಿವೆ. ಆಸ್ಟ್ರಿಯಾದ ರೈಲ್ವೆ 2015ರಲ್ಲಿ ವಿಲ್ಫ್ಲೈನ್ಸ್‌ಡಾರ್ಫ್‌ನಲ್ಲಿ ಆ ಜಾಲಕ್ಕೇ ಸೌರ ಘಟಕವನ್ನು ಜೋಡಿಸಿತು. ಇಂಗ್ಲೆಂಡಿನ ಆಲ್ಡರ್‌ಶಾಟ್‌ನಲ್ಲಿ 2019ರಲ್ಲಿ ಹಳಿಯ ಬದಿ ಹಾಕಿದ ಫಲಕಗಳ ಬಗ್ಗೆ ದೊಡ್ಡ ಸುದ್ದಿಯಾಯಿತು, ಆದರೆ ಅವು ಮೊದಲು ನಡೆಸಿದ್ದು ಸಿಗ್ನಲ್ಲು ಮತ್ತು ದೀಪಗಳನ್ನು. ನೆದರ್ಲೆಂಡ್ಸಿನ ವಿದ್ಯುತ್ ರೈಲುಗಳು 2017ರಲ್ಲಿ ಪೂರ್ತಿ ಗಾಳಿ ವಿದ್ಯುತ್ತಿನಲ್ಲಿ ಓಡತೊಡಗಿದವು ಎನ್ನುವುದೂ ಖರೀದಿ ಒಪ್ಪಂದದ ಲೆಕ್ಕವೇ ಹೊರತು ಪ್ರತ್ಯೇಕ ತಂತಿಯಲ್ಲ. ನಮ್ಮ ರೈಲು ಓಡುವುದು ದೇಶದ ಜಾಲದ 50 ಹರ್ಟ್ಸ್‌ನಲ್ಲೇ ಆದ್ದರಿಂದ ‘ನೇರ’ಕ್ಕಾಗಿ ಹಟ ಹಿಡಿಯುವುದರಲ್ಲಿ ನನಗೆ ಹೆಚ್ಚಿನ ಲಾಭ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಮಲೆನಾಡಿನಲ್ಲಿ ಫಲಕಗಳ ಮಾತನ್ನೇ ಬಿಡಬೇಕೇ?

ಉತ್ತರ (ಭದ್ರಾವತಿಯ ನಿವೃತ್ತ ಪಾಲಿಟೆಕ್ನಿಕ್ ಅಧ್ಯಾಪಕ)

ಪೂರ್ತಿ ಬಿಡಬೇಕಿಲ್ಲ, ಜಾಗ ನೋಡಿ ಹಾಕಬೇಕು. ಆಷಾಢದ ಜಡಿಮಳೆಯಲ್ಲಿ ಆನಂದಪುರದ ಆಚೆ ಫಲಕಗಳಿಂದ ಹೆಚ್ಚೇನೂ ಸಿಗದು. ಹಳಿಯ ಬದಿಯ ಮರಗಳ ನೆರಳು ಬೇರೆ, ಅದಕ್ಕಾಗಿ ಮರ ಕಡಿಯುವುದನ್ನು ನಾನಂತೂ ಒಪ್ಪುವುದಿಲ್ಲ. ಮೈಸೂರಿನಿಂದ ತಾಳಗುಪ್ಪಕ್ಕೆ ಬರುವ ಗಾಡಿಗಳಲ್ಲಿ ರಾತ್ರಿಯ ಗಾಡಿಯೂ ಇದೆ ಎಂಬುದನ್ನೂ ಮರೆಯಬಾರದು. ಬಯಲುಸೀಮೆಗೆ ಹತ್ತಿರವಾದ ಬೀರೂರಿನ ಕಡೆ ಫಲಕಗಳಿಗೆ ಅರ್ಥವಿದೆ. ನಿಲ್ದಾಣಗಳ ಚಾವಣಿಯ ಮೇಲೆ ಹಾಕಿ ದೀಪಕ್ಕೂ ನೀರಿನ ಪಂಪಿಗೂ ಬಳಸುವುದಾದರೆ ಎಲ್ಲ ಊರಿಗೂ ಸರಿ.

ತಾವು ಶರಾವತಿಯ ನೀರನ್ನು ಕಲ್ಲಿದ್ದಲಿನೊಡನೆ ಬೆರೆತು ಕೆಟ್ಟ ಹಾಗೆ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಜಾಲದಲ್ಲಿ ಅದಕ್ಕಿರುವ ಕೆಲಸವೇ ಬೇರೆ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ 1,035 ಮೆಗಾವ್ಯಾಟ್, ಅವುಗಳನ್ನು ಕೆಲವೇ ನಿಮಿಷಗಳಲ್ಲಿ ಏರಿಸಬಹುದು, ಇಳಿಸಬಹುದು. ಉಷ್ಣ ಸ್ಥಾವರಕ್ಕೆ ಅಷ್ಟು ಬೇಗ ಸಾಧ್ಯವಿಲ್ಲ. ಹಗಲು ಪಾವಗಡದ ಬಿಸಿಲು, ಮಳೆಗಾಲದಲ್ಲಿ ಚಿತ್ರದುರ್ಗ ಮತ್ತು ಗದಗದ ಗಾಳಿ, ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಉಳಿಸಿಟ್ಟ ನೀರು, ಹೀಗೆ ಹೊತ್ತಿಗೆ ತಕ್ಕಂತೆ ಹೊಂದಿಸಿ ಕೊಳ್ಳುವ ಒಪ್ಪಂದವನ್ನು ರೈಲ್ವೆ ಮಾಡಿಕೊಂಡರೆ ರಾತ್ರಿಯ ಗಾಡಿಯೂ ಕಲ್ಲಿದ್ದಲನ್ನು ಬಹುಮಟ್ಟಿಗೆ ಬಿಟ್ಟು ಓಡಬಲ್ಲದು. ವರ್ಷದ ಒಟ್ಟು ಯೂನಿಟ್ಟುಗಳನ್ನು ಕೂಡಿ ಸರಿದೂಗಿಸುವ ಈಗಿನ ಲೆಕ್ಕಕ್ಕಿಂತ, ಗಂಟೆಗಂಟೆಗೂ ತಾಳೆಯಾಗುವ ಲೆಕ್ಕವನ್ನೇ ರೈಲ್ವೆಯಿಂದ ಕೇಳಬೇಕು.